ಸಾಲ ಮೊದಲೋ, ಪಾಲಿಸಿ ಮೊದಲೋ? ಪುಣೆಯ ಆಸ್ಪತ್ರೆ ಡೆಸ್ಕ್‌ನಿಂದ ಒಂದಿಷ್ಟು ಲೆಕ್ಕ

ಕಳೆದ ಭಾನುವಾರ ಕಾಕಾನ ಮಗ ಮನೆಗೆ ಬಂದಿದ್ದ. ಎಂಸಿಎ ಮುಗಿಸಿ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ವರ್ಷ ಆಗುತ್ತ ಬಂತು. ಚಪ್ಪಲಿ ಬಿಡುವ ಮೊದಲೇ ತನ್ನ ಎಜುಕೇಶನ್ ಲೋನಿನ ಸ್ಟೇಟ್‌ಮೆಂಟ್ ನನ್ನ ಕೈಗಿಟ್ಟ.

"ಅಕ್ಕಾ, ನಾ ತಗೊಂಡಿದ್ದು ಐದು ಲಕ್ಷ. ಇವ್ರು ಆರು ಲಕ್ಷ ಹದಿನೆಂಟು ಸಾವಿರ ಅಂತಾರ. ಎಲ್ಲೋ ತಪ್ಪಾಗೇದ ನೋಡು."

ತಪ್ಪೇನೂ ಆಗಿರಲಿಲ್ಲ. ನಾನು ಪುಣೆಯ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ನನ್ನ ಎಜುಕೇಶನ್ ಲೋನ್ ಹೋದ ವರ್ಷ ತೀರಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ವಿಜಯಪುರ ಕಡೆಯಿಂದ ಪ್ರತಿ ವರ್ಷ ಇಲ್ಲಿಗೆ ಬರುವ ಹುಡುಗ ಹುಡುಗಿಯರಿಗೂ ಮೊದಲು ಸಾಲ ತೀರಿಸೋದಾ, ಆರೋಗ್ಯ ವಿಮೆಯ ಪಾಲಿಸಿ ಮಾಡಿಸೋದಾ ಅನ್ನುವ ಪ್ರಶ್ನೆ ಇರುತ್ತೆ, ಅಲ್ವಾ?

ಮೊದಲು ಆ 1 ಲಕ್ಷ 18 ಸಾವಿರದ ಮಾತು. ಬ್ಯಾಂಕು ಅವನಿಗೆ ಸೆಮಿಸ್ಟರಿಗೆ 1.25 ಲಕ್ಷದಂತೆ ನಾಲ್ಕು ಸಲ ಕೊಟ್ಟಿದೆ. ಬಡ್ಡಿ ಶೇಕಡಾ 10.5. ಓದುವಾಗಿನ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಮೊರಟೋರಿಯಂ ಅನ್ನುತ್ತಾರೆ. ಕಂತಿಗೆ ರಜೆ, ಬಡ್ಡಿಗೆ ರಜೆ ಇಲ್ಲ. ಬ್ಯಾಂಕು ಮೊದಲ ಸಲ ಕೊಟ್ಟ ಹಣಕ್ಕೆ ಮೂರು ವರ್ಷದ ಬಡ್ಡಿ, ಎರಡನೆಯದಕ್ಕೆ ಎರಡೂವರೆ, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಒಂದೂವರೆ. ಕೂಡಿಸಿದರೆ ಸರಿಯಾಗಿ 1,18,125 ರೂಪಾಯಿ. ಅದೆಲ್ಲ ಅಸಲಿಗೆ ಸೇರಿತು. ಇನ್ನು ಮುಂದೆ ಬಡ್ಡಿಗೂ ಬಡ್ಡಿ.

ನೀವು ಇನ್ನೂ ಓದುತ್ತಿದ್ದರೆ ಇಲ್ಲೇ ಒಂದು ದಾರಿ ಇದೆ. ಮೊದಲ ಸೆಮಿಸ್ಟರಿನ ಸಾಲಕ್ಕೆ ತಿಂಗಳ ಬಡ್ಡಿ ಸುಮಾರು 1,100 ರೂಪಾಯಿ. ಮನೆಯಲ್ಲಿ ಆಗುವುದಾದರೆ ಅಷ್ಟನ್ನು ಕಟ್ಟುತ್ತ ಬನ್ನಿ. ಹೀಗೆ ಓದುವಾಗಲೇ ಬಡ್ಡಿ ಕಟ್ಟಿದವರಿಗೆ ಎಷ್ಟೋ ಬ್ಯಾಂಕುಗಳು ಶೇಕಡಾ 1ರಷ್ಟು ಬಡ್ಡಿ ಬಿಡುತ್ತವೆ. ಕೇಳಿ ನೋಡಿ.

ತಮ್ಮನದು ಆ ಹಂತ ದಾಟಿತ್ತು. 6.18 ಲಕ್ಷಕ್ಕೆ ಹತ್ತು ವರ್ಷದ ಅವಧಿ, ಇಎಂಐ 8,339. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 5,407. ಅಸಲು ಕರಗುವುದು 2,932 ಮಾತ್ರ. ಹತ್ತು ವರ್ಷ ಹೀಗೇ ಕಟ್ಟಿದರೆ ಬಡ್ಡಿಯೇ 3.83 ಲಕ್ಷ ಆಗುತ್ತೆ. ಅದೇ ತಿಂಗಳಿಗೆ 15,000 ಕಟ್ಟಿದರೆ? ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಸಾಲ ಖಲಾಸ್. ಬಡ್ಡಿ ಸುಮಾರು 1.52 ಲಕ್ಷ. ಉಳಿಯುವುದು 2.3 ಲಕ್ಷದ ಹತ್ತಿರ. ಫೋನಿನ ಕ್ಯಾಲ್ಕುಲೇಟರ್ ಹಿಡಿದು ಅವನು ಎರಡೆರಡು ಸಲ ಮಾಡಿ ನೋಡಿದ.

ಹದಿನೈದು ಸಾವಿರ ಎಲ್ಲಿಂದ? ಕೈಗೆ ಬರುವುದು 38,000. ಕಾಟ್ ಬೇಸಿಸ್ ರೂಮಿಗೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚಕ್ಕೆ, 6,500. ಮೆಸ್ಸಿಗೆ 3,500. ಊರಿಗೆ 5,000. ಬಸ್ಸು, ರೀಚಾರ್ಜು, ಬಟ್ಟೆ ಅಂತ 3,000. ಉಳಿಯುವುದು 20,000. ಅದರಲ್ಲಿ 15 ಬ್ಯಾಂಕಿಗೆ, 5 ತನ್ನ ಹತ್ತಿರ. "ಇಪ್ಪತ್ತೂ ಬ್ಯಾಂಕಿಗೇ ಹಾಕ್ತೀನಿ, ಲಗೂನ ಮುಗಿತದ" ಅಂದ. ಆಗ ನಾನು ನನ್ನ ಡೆಂಗ್ಯೂ ಕಥೆ ಹೇಳಬೇಕಾಯಿತು.

ಸಾಲ ತೀರಿಸುವ ಹುಚ್ಚು ನನಗೂ ಹಿಡಿದಿತ್ತು. ಮೂರನೇ ವರ್ಷ ಕೂಡಿಟ್ಟ 60,000 ರೂಪಾಯಿಯನ್ನು ಒಂದೇ ಏಟಿಗೆ ಸಾಲಕ್ಕೆ ಹಾಕಿದೆ. ಅದೇ ತಿಂಗಳು ಕೆಲಸ ಬದಲಿಸಿದೆ. ಎರಡು ನೌಕರಿಗಳ ನಡುವೆ 17 ದಿನದ ಅಂತರ. ಕಂಪನಿ ತನ್ನ ನೌಕರರಿಗೆ ಮಾಡಿಸುವ ಗ್ರೂಪ್ ಪಾಲಿಸಿ ನೌಕರಿಯ ಕೊನೆಯ ದಿನಕ್ಕೆ ಮುಗಿಯುತ್ತೆ ಅಂತ ದಿನಾ ಬೇರೆಯವರಿಗೆ ಹೇಳುವವಳು ನಾನೇ. ಆದರೂ ಹದಿನೇಳು ದಿನ ತಾನೆ ಅಂದುಕೊಂಡೆ. ಮಳೆಗಾಲ. ಒಂಬತ್ತನೇ ದಿನ ಜ್ವರ, ಹನ್ನೊಂದನೇ ದಿನ ಪ್ಲೇಟ್‌ಲೆಟ್ ಇಳಿದು ಅಡ್ಮಿಟ್. ನಾಲ್ಕು ದಿನಕ್ಕೆ 61,000 ಬಿಲ್. ಸಾಲಕ್ಕೆ ಕಟ್ಟಿದ ಹಣವನ್ನು ಬ್ಯಾಂಕು ವಾಪಸ್ ಕೊಡುವುದಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದೆ. ಬಾಕಿಗೆ ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ಹತ್ತೂವರೆಯ ಸಾಲ ಇಳಿಸಲು ಹೋಗಿ ನಲವತ್ತೆರಡರ ಸಾಲ ತಲೆ ಮೇಲೆ ಹಾಕಿಕೊಂಡೆ. ಅಮ್ಮ ಇವತ್ತಿಗೂ ಇದನ್ನು ಎತ್ತಿ ಆಡುತ್ತಾಳೆ.

ಹಾಗಾಗಿ ನನ್ನ ಪ್ರಕಾರ ಮೊದಲು ಸ್ವಂತ ಪಾಲಿಸಿ ಮಾಡಿಸಿ. ಆಮೇಲೆ ಮೂರು ತಿಂಗಳ ಖರ್ಚನ್ನು ಪಕ್ಕಕ್ಕೆ ಇಡಿ. ಸಾಲದ ಮೇಲೆ ಬೀಳುವುದು ಅದಾದ ಮೇಲೆ. ಪಾಲಿಸಿ ಇದ್ದರೂ ಆ ಹಣ ಬೇಕು. ರಾತ್ರಿ ಹೊತ್ತು ಅಡ್ಮಿಟ್ ಆದರೆ ವಿಮಾ ಕಂಪನಿಯ ಮಂಜೂರಾತಿ ಬರುವ ಮೊದಲೇ ಎಷ್ಟೋ ಕಡೆ ಡಿಪಾಸಿಟ್ ಕೇಳುತ್ತಾರೆ.

ಪಾಲಿಸಿಯನ್ನು ವಯಸ್ಸು ಚಿಕ್ಕದಿದ್ದಾಗಲೇ ಮಾಡಿಸಿ, ಏಕೆಂದರೆ ಕಾಯುವ ಅವಧಿಯ ಗಡಿಯಾರ ಕೊಂಡ ದಿನದಿಂದ ಓಡುತ್ತೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಬರುವುದಿಲ್ಲ. ಹರ್ನಿಯಾ, ಕ್ಯಾಟರಾಕ್ಟ್‌ನಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ. ಇದು 2024ಕ್ಕೆ ಮೊದಲು ನಾಲ್ಕಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಪ್ರೀಮಿಯಂ ಮೇಲೆ ಜಿಎಸ್‌ಟಿಯೂ ಇಲ್ಲ. ಮೊದಲು ಶೇಕಡಾ 18 ಇತ್ತು.

ಕಾಗದದಲ್ಲಿ ಮೊದಲು ನೋಡಬೇಕಾದ್ದು ರೂಮ್ ರೆಂಟ್ ಮಿತಿ. ನಮ್ಮ ಡೆಸ್ಕ್ ಮುಂದೆ ಜಗಳ ಆಗುವುದು ಜಾಸ್ತಿ ಇದಕ್ಕೇ. ಮೂರು ಲಕ್ಷದ ಪಾಲಿಸಿ, ರೂಮಿಗೆ ಶೇಕಡಾ 1, ಅಂದರೆ ದಿನಕ್ಕೆ 3,000 ಅಂತಿಟ್ಟುಕೊಳ್ಳಿ. ನೀವು 6,000ದ ಸಿಂಗಲ್ ರೂಮ್ ತೆಗೆದುಕೊಂಡಿರಿ. ನಾಲ್ಕು ದಿನದ ರೂಮು 24,000. ಸರ್ಜನ್, ಆಪರೇಷನ್ ಥಿಯೇಟರ್, ಡಾಕ್ಟರ್ ವಿಸಿಟ್ ಸೇರಿ 1,20,000. ಔಷಧಿ, ಟೆಸ್ಟು 40,000. ಒಟ್ಟು 1,84,000. ರೂಮಿನ ಹೆಚ್ಚುವರಿ 12,000 ತಾನೆ, ಕೊಟ್ಟರಾಯಿತು ಅನ್ನುತ್ತಾರೆ ಎಲ್ಲರೂ. ಹಾಗಲ್ಲ. ಮಿತಿಯ ದುಪ್ಪಟ್ಟು ರೂಮ್ ಹಿಡಿದಿದ್ದಕ್ಕೆ ಸರ್ಜನ್, ಥಿಯೇಟರಿನ ಆ 1,20,000ಕ್ಕೂ ಪಾಲಿಸಿ ಅರ್ಧವೇ ಕೊಡುತ್ತೆ. ಔಷಧಿ, ಟೆಸ್ಟಿಗೆ ಮಾತ್ರ ಈ ಕತ್ತರಿ ಇಲ್ಲ. ಪಾಲಿಸಿ ಕೊಡುವುದು 1,12,000. ನಿಮ್ಮ ಜೇಬಿನಿಂದ 72,000. ಗ್ಲೌಸು, ಮಾಸ್ಕಿನಂಥ ಸಣ್ಣ ಸಾಮಾನಿನದು ಬೇರೆ. ಅದಕ್ಕೇ ರೂಮ್ ಮಿತಿ ಇಲ್ಲದ ಪಾಲಿಸಿ ಹುಡುಕಿ. ಕಂಪನಿ ಪಾಲಿಸಿಯಲ್ಲಿ ಮಿತಿ ಇದ್ದರೆ ಅಡ್ಮಿಶನ್ ಕೌಂಟರಿನಲ್ಲೇ ನಿಮ್ಮ ಮಿತಿಯೊಳಗಿನ ರೂಮ್ ಕೇಳಿ. ನಾಚಿಕೆ ಬೇಡ.

ಇನ್ನೊಂದು, ಫಾರ್ಮಿನಲ್ಲಿ ಏನನ್ನೂ ಮುಚ್ಚಿಡಬೇಡಿ. ಏಜೆಂಟ್ ಕೆಲವೊಮ್ಮೆ "ಶುಗರ್ ಬರೀಬೇಡಿ, ಪ್ರೀಮಿಯಂ ಏರುತ್ತೆ" ಅನ್ನುತ್ತಾನೆ. ಅಡ್ಮಿಟ್ ಆದಾಗ ಡಾಕ್ಟರ್ ಕೇಳುತ್ತಾರೆ. ಮಗ ಪಕ್ಕದಲ್ಲಿ ನಿಂತು "ಅಪ್ಪಾಜಿಗೆ ಶುಗರ್ ಹತ್ತು ವರ್ಷದಿಂದ ಐತಿ" ಅಂತ ಹೇಳುತ್ತಾನೆ. ಅದು ಕೇಸ್ ಪೇಪರಿಗೆ ಬರುತ್ತೆ, ಅಲ್ಲಿಂದ ನೇರ ವಿಮಾ ಕಂಪನಿಗೆ ಹೋಗುತ್ತೆ. ಪಾಲಿಸಿ ಮಾಡಿಸಿ ಎರಡೇ ವರ್ಷ ಆಗಿರುತ್ತೆ. ಕ್ಲೇಮು ತಿರಸ್ಕಾರ ಆಯಿತು ಅಂತಲೇ ಲೆಕ್ಕ. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ಮೋಸ ಸಾಬೀತಾಗದೆ ಕಂಪನಿ ಹೀಗೆ ತಳ್ಳಿಹಾಕುವಂತಿಲ್ಲ. ಅಲ್ಲಿಯ ತನಕ ನಿಜವೇ ಅಗ್ಗ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ಓದಿ, ಬೇಡ ಅನ್ನಿಸಿದರೆ ವಾಪಸ್ ಮಾಡಬಹುದು. ಕೋ-ಪೇ ಅಂತ ಇದ್ದರೆ ಪ್ರತಿ ಬಿಲ್ಲಿನಲ್ಲೂ ನಿಮ್ಮದೊಂದು ಪಾಲು ಇರುತ್ತೆ. ಅದಿಲ್ಲದ್ದು ಒಳ್ಳೆಯದು.

ಈಗ ಸಾಲಕ್ಕೆ ವಾಪಸ್. ಹೆಚ್ಚುವರಿ ಹಣ ಸುಮ್ನೆ ಖಾತೆಗೆ ಹಾಕಿ ಬರಬೇಡಿ. ಕೆಲವು ಬ್ಯಾಂಕುಗಳಲ್ಲಿ ಅದು ಮುಂದಿನ ಕಂತಿನ ಮುಂಗಡ ಅಂತ ಕೂತುಬಿಡುತ್ತೆ. "ಈ ಹಣ ಅಸಲಿಗೆ ಜಮಾ ಆಗಲಿ, ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದು ಕೊಡಿ, ಇಲ್ಲವೇ ಮೇಲ್ ಹಾಕಿ. ಮರುದಿನ ಸ್ಟೇಟ್‌ಮೆಂಟ್ ತೆಗೆದು ಅಸಲು ಇಳಿದಿದೆಯಾ ನೋಡಿ. ನಿಮ್ಮದು ಬದಲಾಗುವ ಬಡ್ಡಿಯ ಸಾಲವಾದರೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ.

ಎಜುಕೇಶನ್ ಲೋನಿನ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಸಾಲ ಇರಲಿ ಬಿಡು ಅನ್ನುವ ಬುದ್ಧಿವಂತರು ಆಫೀಸಿಗೊಬ್ಬರು ಇರುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಗೆ ಮಾತ್ರ, ಅದೂ ಎಂಟು ವರ್ಷಕ್ಕೆ. ತಮ್ಮನ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಉಳಿಸುವುದು ಏನನ್ನು?

ಕೊನೆಯ ಕಂತು ಕಟ್ಟಿದ ದಿನ ಸಿಹಿ ಹಂಚಿ, ಆದರೆ ಬ್ಯಾಂಕಿನಿಂದ ಸಾಲ ತೀರಿದೆ ಅನ್ನುವ ಪತ್ರ, ಅಂದರೆ ಎನ್‌ಒಸಿ ಕೈಗೆ ಬರುವ ತನಕ ಬಿಡಬೇಡಿ. ಮನೆಯ ಕಾಗದ ಅಡವಿಟ್ಟಿದ್ದರೆ 30 ದಿನದೊಳಗೆ ಅದನ್ನು ವಾಪಸ್ ಕೊಡಬೇಕು. ಆಮೇಲೆ ಸಿಬಿಲ್, ಅಂದರೆ ನಿಮ್ಮ ಸಾಲಗಳ ದಾಖಲೆಯ ರಿಪೋರ್ಟು, ನೋಡಿ. ನಿಮ್ಮದು ಮಾತ್ರ ಅಲ್ಲ, ಜೊತೆಗೆ ಸಹಿ ಹಾಕಿದ ಅಪ್ಪನದೂ. ನನ್ನ ಸಾಲ ತೀರಿ ಮೂರು ತಿಂಗಳಾಗಿದ್ದರೂ ಅಪ್ಪನ ರಿಪೋರ್ಟಿನಲ್ಲಿ ಅದು ಚಾಲ್ತಿಯಲ್ಲೇ ಇತ್ತು. ಗೊತ್ತಾಗಿದ್ದು ಅವರು ಟ್ರ್ಯಾಕ್ಟರ್ ಸಾಲಕ್ಕೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಾಗ. ಎನ್‌ಒಸಿಯ ಫೋಟೋ ಸೇರಿಸಿ ಆನ್‌ಲೈನ್‌ನಲ್ಲಿ ದೂರು ಹಾಕಿದೆ. ಅದು ಸರಿಯಾಗುವ ಹೊತ್ತಿಗೆ ಬಿತ್ತನೆ ಮುಗಿದಿತ್ತು.