ಮೆದೋಕ್‌ನ ಕೆಂಪು ವೈನನ್ನು ಸವಿಯುವ ಬಗೆ

ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿರುವ ಮೆದೋಕ್‌ನ ಎಳೆಯ ಕೆಂಪು ವೈನನ್ನು ಮೊದಲ ಗುಟುಕಿಗೇ ಮೆಚ್ಚುವವರು ಕಡಿಮೆ. ಅಲ್ಲಿನ ಜಲ್ಲಿಕಲ್ಲಿನ ನೆಲ ಮಳೆನೀರನ್ನು ಬೇಗ ಬಸಿದು, ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಚೆನ್ನಾಗಿ ಬರುತ್ತದೆ. ಅದರ ದಪ್ಪ ಸಿಪ್ಪೆಯಿಂದ ಇಳಿಯುವ ಟ್ಯಾನಿನ್ ವೈನಿಗೆ ಒಗರನ್ನು ಕೊಡುತ್ತದೆ. ಈ ಒಗರಿನ ಗುಣವನ್ನು ಗುರುತಿಸುವುದೇ ಇಂಥ ವೈನನ್ನು ಸವಿಯುವುದರಲ್ಲಿ ಮುಖ್ಯವಾದ ಕೆಲಸ.

ಬಾಟಲಿ ಆರಿಸುವಾಗ 1855ರ ದರ್ಜೆಪಟ್ಟಿಯ ಮಾತು ಬಂದೇ ಬರುತ್ತದೆ. ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯನ್ನು ಆಧರಿಸಿ ಕೆಂಪು ವೈನ್ ಮಾಡುವ ಎಸ್ಟೇಟುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ ಈ ಪಟ್ಟಿ, 1973ರಲ್ಲಿ ಶಾತೋ ಮೂತೋನ್ ರಾಥ್‌ಶಿಲ್ಡ್ ಮೊದಲ ದರ್ಜೆಗೆ ಏರಿದ್ದನ್ನು ಬಿಟ್ಟರೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ನನ್ನ ಮಟ್ಟಿಗೆ ದರ್ಜೆಗಿಂತ ಕೊಯ್ಲಿನ ವರ್ಷ ಹೆಚ್ಚು ಉಪಯುಕ್ತ: 2010 ಮತ್ತು 2016ರ ವೈನುಗಳು ದೀರ್ಘಕಾಲ ಬಾಳುವಂಥವು, 2013ರವು ಹಾಗಲ್ಲ.

ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕೆಂಬ ಹಳೆಯ ಸಲಹೆ ಯುರೋಪಿನ ತಣ್ಣನೆಯ ಮನೆಗಳಿಗೆ ಹೊಂದುವಂಥದ್ದು; ನಮ್ಮ ಊರುಗಳಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡದಿದ್ದರೆ ಮದ್ಯಸಾರದ ಘಾಟು ಮುಂದಾಗಿ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಎಳೆಯ ವೈನನ್ನು ಒಂದೆರಡು ಗಂಟೆ ಮೊದಲೇ ಅಗಲ ತಳದ ಗಾಜಿನ ಪಾತ್ರೆಗೆ ಬಗ್ಗಿಸಿ ಗಾಳಿಯಾಡಲು ಬಿಡಬೇಕು. ಹಳೆಯ ಬಾಟಲಿಯನ್ನಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂತ ಮೇಲೆ ಕುಡಿಯುವ ಹೊತ್ತಿಗೆ ಮೆಲ್ಲಗೆ ಬಗ್ಗಿಸಬೇಕು. ಅದಕ್ಕೆ ಹೆಚ್ಚು ಗಾಳಿ ತಗುಲಿದರೆ ನವಿರಾದ ಪರಿಮಳ ಹಾರಿಹೋಗುತ್ತದೆ.

ಬಾಯಿ ಕಿರಿದಾದ ದೊಡ್ಡ ಲೋಟದಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿ, ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಿ. ಎಳೆಯದರ ಅಂಚು ನೇರಳೆಯ ಕಡೆಗೆ, ಹಳೆಯದರದು ಇಟ್ಟಿಗೆಯ ಬಣ್ಣಕ್ಕೆ ವಾಲಿರುತ್ತದೆ. ಆಮೇಲೆ ಲೋಟವನ್ನು ಅಲುಗಿಸದೆ ಒಮ್ಮೆ, ಸುತ್ತಿಸಿ ಇನ್ನೊಮ್ಮೆ ಮೂಸಿ. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ವೈನ್ ಕೆಟ್ಟಿದೆ ಎಂದೇ ತಿಳಿಯಬೇಕು; ಗಾಳಿಯಾಡಿಸಿದರೆ ಅದು ಹೋಗುವುದಿಲ್ಲ. ಸರಿಯಾಗಿದ್ದರೆ ಕಪ್ಪು ಕರಂಟ್ ಹಣ್ಣು, ದೇವದಾರು, ಆಗಷ್ಟೇ ಹೆರೆದ ಪೆನ್ಸಿಲ್, ವಯಸ್ಸಾದದ್ದರಲ್ಲಿ ಹೊಗೆಸೊಪ್ಪು ಮತ್ತು ಚರ್ಮದ ವಾಸನೆ ಸಿಗಬಹುದು. ಸಿಗದಿದ್ದರೆ ಚಿಂತೆಯಿಲ್ಲ, ಪರಿಮಳಗಳ ಪಟ್ಟಿ ಒಪ್ಪಿಸುವ ಗೀಳು ವೈನ್ ಕೂಟಗಳಲ್ಲಿ ಅತಿಯಾಗಿದೆ.

ಗುಟುಕನ್ನು ಕೂಡಲೇ ನುಂಗದೆ, ತುಟಿಗಳ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಂಡು, ಬಾಯಿ ತುಂಬ ಆಡಿಸಿ. ನಾಲಿಗೆಯ ಅಂಚುಗಳಲ್ಲಿ ಜೊಲ್ಲೂರಿದರೆ ಅದು ಹುಳಿಯ ಕೆಲಸ. ಒಸಡು ಮತ್ತು ಕೆನ್ನೆಯ ಒಳಭಾಗ ಬಿಗಿದು ಒಣಗಿದಂತಾದರೆ ಅದು ಟ್ಯಾನಿನ್. ಎಳೆ ಅಡಿಕೆ ಅಗಿದಂತೆ ಒರಟಾಗಿ ಹಿಡಿಯುವ ಒಗರು ಒಂದು ಬಗೆ. ಹಿಡಿತ ಬಿಗಿಯಾಗಿದ್ದರೂ ನುಣುಪಾದ ಪುಡಿಯ ಹಾಗೆ ಹರಡಿಕೊಳ್ಳುವುದು ಇನ್ನೊಂದು. ಮೆದೋಕ್‌ನದೇ ಊರಾದ ಪೊಯಾಕ್‌ನ ಉತ್ತಮ ವೈನುಗಳಲ್ಲಿ ಸಿಗುವುದು ಎರಡನೆಯದು. ವೈನನ್ನು ನುಂಗಿದ, ಅಥವಾ ಉಗುಳಿದ, ಮೇಲೆ ಪರಿಮಳ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಮನಸ್ಸಿನಲ್ಲೇ ಎಣಿಸಿ. ಮೊದಲು ಹಣ್ಣು ಮರೆಯಾಗಿ ಒಗರೊಂದೇ ಉಳಿದರೆ, ಒಂದೋ ಆ ಬಾಟಲಿಯನ್ನು ಬೇಗ ತೆರೆಯಲಾಗಿದೆ, ಇಲ್ಲವೇ ವೈನ್ ಅಷ್ಟಕ್ಕಷ್ಟೆ.

ಎರಡರಲ್ಲಿ ಯಾವುದೆಂದು ಅಂದಾಜಿಸಲು ಸುಲಭದ ಉಪಾಯವಿದೆ. ಎಳೆಯ ವೈನಾದರೆ ಕಾಲುಭಾಗವನ್ನು ಬಾಟಲಿಯಲ್ಲೇ ಉಳಿಸಿ, ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮರುದಿನ ತುಸು ಬೆಚ್ಚಗಾದ ಮೇಲೆ ಮತ್ತೆ ರುಚಿ ನೋಡಿ. ಒಗರು ಮೆದುವಾಗಿ ಹಣ್ಣಿನ ರುಚಿ ಮೇಲೆ ಬಂದಿದ್ದರೆ, ಅದೇ ವೈನಿನ ಇನ್ನೊಂದು ಬಾಟಲಿಯನ್ನು ಕೆಲವು ವರ್ಷ ಕಾದಿಡಲು ಅಡ್ಡಿಯಿಲ್ಲ.