ನೀರಿನ ದಾರಿ ಹಿಡಿದು ಬರೆದ ಅರ್ಜಿ: ನನ್ನ ಅನುಭವ

ಸಹಾಯಧನದ ಪ್ರಕಟಣೆ ಹೊರಬಿದ್ದರೆ ನಾವು ರೈತರು ಸಾಮಾನ್ಯವಾಗಿ ಮೊದಲು ನೋಡುವುದು ಯಾವ ಯಂತ್ರಕ್ಕೆ ಶೇಕಡಾ ಎಷ್ಟು ಕೊಡುತ್ತಾರೆ ಎಂಬುದನ್ನು. ನೀರಿನ ಗುಣಮಟ್ಟ ಕಾಪಾಡುವ ಸಲಕರಣೆಗಳಿಗಾಗಿ ಅರ್ಜಿ ಹಾಕುವಾಗ ನಾನು ಈ ಕ್ರಮವನ್ನು ತಿರುಗಿಸಿಕೊಂಡೆ. ನಮ್ಮ ಜಮೀನಿನ ಗೊಬ್ಬರ, ಔಷಧಿ, ಸಗಣಿಯ ರಸ ಯಾವ ದಾರಿಯಿಂದ ನೀರಿಗೆ ಸೇರುತ್ತಿವೆ ಎಂಬುದನ್ನು ಮೊದಲು ಗುರುತಿಸಿ, ಆ ದಾರಿಯನ್ನು ಮುಚ್ಚುವ ಸಲಕರಣೆಯನ್ನಷ್ಟೇ ಕೇಳಿದೆ. ಇಂಥ ಯೋಜನೆಗಳಲ್ಲಿ ಹಣ ಮಂಜೂರಾಗುವುದು ನೀರಿನ ಹೆಸರಿನಲ್ಲಿ; ಅದು ಅರ್ಜಿಯ ಪ್ರತಿ ಸಾಲಿನಲ್ಲಿಯೂ ಕಾಣಬೇಕು.

ಜೋರು ಮಳೆಯ ದಿನ ಕೊಡೆ ಹಿಡಿದು ಜಮೀನು ಸುತ್ತುವುದಕ್ಕಿಂತ ಒಳ್ಳೆಯ ಸಮೀಕ್ಷೆ ಬೇರೆ ಇಲ್ಲ. ಬದು ಎಲ್ಲಿ ಒಡೆದು ರಾಡಿನೀರು ಹಳ್ಳಕ್ಕೆ ಇಳಿಯುತ್ತದೆ, ತಿಪ್ಪೆಯ ಕಪ್ಪು ರಸ ಯಾವ ಕಡೆ ಹರಿಯುತ್ತದೆ, ಔಷಧಿ ಬೆರೆಸುವ ಜಾಗದ ನೀರು ಬಾವಿಯ ಕಡೆಗೆ ಎಷ್ಟು ದೂರ ಬರುತ್ತದೆ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ರಂಜಕವು ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೊಚ್ಚಿಹೋಗುವುದರಿಂದ ಅದರ ದಾರಿ ಹೀಗೆ ನೆಲದ ಮೇಲೆಯೇ ಸಿಗುತ್ತದೆ. ಕೆರೆಕುಂಟೆಗಳಲ್ಲಿ ಪಾಚಿ ಉಕ್ಕಲು ಮುಖ್ಯ ಕಾರಣವೂ ರಂಜಕವೇ. ಗೊಬ್ಬರ, ಸಗಣಿಗಳ ಸಾರಜನಕದಿಂದ ಆಗುವ ನೈಟ್ರೇಟಿನ ಸ್ವಭಾವ ಬೇರೆ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣು ಅದನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ, ಬೇರಿಗೆ ಸಿಕ್ಕದೆ ಉಳಿದದ್ದು ನೀರಿನೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ಅದನ್ನು ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕು.

ಪ್ರಯೋಗಾಲಯದ ವರದಿ ಓದುವಾಗ ಒಂದು ಎಚ್ಚರಿಕೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್. ಕೆಲವು ಪ್ರಯೋಗಾಲಯಗಳು ನೈಟ್ರೇಟಿನಲ್ಲಿರುವ ಸಾರಜನಕವನ್ನಷ್ಟೇ ಲೆಕ್ಕ ಹಾಕಿ ಬರೆಯುತ್ತವೆ. ಆ ಲೆಕ್ಕದಲ್ಲಿ ಅದೇ ಮಿತಿ ಸುಮಾರು 11 ಮಿಲಿಗ್ರಾಂ. ಹಾಗಾಗಿ 15 ಎಂಬ ಅಂಕಿ ಮೊದಲ ಲೆಕ್ಕದಲ್ಲಿ ಮಿತಿಯೊಳಗೆ ಇರುತ್ತದೆ, ಎರಡನೆಯದರಲ್ಲಿ ಮಿತಿ ಮೀರಿರುತ್ತದೆ. ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸಲಾರದೆ ಮೈ ನೀಲಿಗಟ್ಟುವ ಕಾಯಿಲೆಗೂ ಬಾವಿಯ ನೈಟ್ರೇಟಿಗೂ ಇರುವ ನಂಟನ್ನು ವೈದ್ಯರು 1945ರಲ್ಲಿಯೇ ವರದಿ ಮಾಡಿದ್ದಾರೆ. ನೀರಿನ ವರದಿಯನ್ನೇ ನಾನು ಅರ್ಜಿಯ ಮೊದಲ ಲಗತ್ತಾಗಿ ಇಟ್ಟೆ.

ನಾನು ಕೇಳಿದ ಸಲಕರಣೆಗಳಲ್ಲಿ ತೀರ ಅಗ್ಗದ್ದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್‌ಗಳ ಜೋಡಣೆ. ಹನಿ ನೀರಾವರಿಯ ಪೈಪಿಗೆ ವೆಂಚುರಿಯ (ನೀರಿನ ಹರಿವಿನ ಬಲದಿಂದಲೇ ದ್ರಾವಣವನ್ನು ಒಳಗೆ ಎಳೆದುಕೊಳ್ಳುವ ಕೊಳವೆಯ) ಮೂಲಕ ಗೊಬ್ಬರದ ದ್ರಾವಣ ಸೇರುತ್ತಿರುವಾಗ ಕರೆಂಟು ಹೋದರೆ ಪಂಪು ನಿಂತು ಪೈಪಿನಲ್ಲಿದ್ದ ನೀರು ಬಾವಿಯ ಕಡೆಗೆ ಹಿಂದಿರುಗುತ್ತದೆ. ಆ ಎಳೆತಕ್ಕೆ ಸಿಕ್ಕಿ ಡ್ರಮ್ಮಿನ ದ್ರಾವಣವೂ ಬಾವಿ ಸೇರಬಹುದು. ಇದನ್ನು ತಡೆಯಲು ಪಂಪಿಗೂ ಗೊಬ್ಬರ ಸೇರುವ ಜಾಗಕ್ಕೂ ನಡುವೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್, ಅದಕ್ಕೂ ಪಂಪಿಗೂ ನಡುವೆ ಗಾಳಿಯನ್ನು ಒಳಗೆ ಬಿಟ್ಟು ಎಳೆತ ಮುರಿಯುವ ಇನ್ನೊಂದು ವಾಲ್ವ್, ಸೋರಿದ್ದನ್ನು ದೂರಕ್ಕೆ ಸಾಗಿಸುವ ಸಣ್ಣ ಡ್ರೈನ್ ಪೈಪು ಇರಬೇಕು. ವಾಲ್ವಿನ ರಬ್ಬರಿನ ಮೇಲೆ ಮರಳಿನ ಒಂದು ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಪಂಪು ನಿಲ್ಲಿಸಿದ ಮೇಲೂ ಡ್ರೈನ್ ತೊಟ್ಟಿಕ್ಕುತ್ತಲೇ ಇದ್ದರೆ ವಾಲ್ವ್ ಬಿಚ್ಚಿ ನೋಡಬೇಕು. ಅರ್ಜಿಯ ಜೊತೆ ಈ ಜೋಡಣೆಯ ನಕ್ಷೆಯನ್ನು ಕೈಯಲ್ಲೇ ಬರೆದು ಕೊಟ್ಟೆ. ಸ್ಥಳ ಪರಿಶೀಲನೆಗೆ ಬಂದವರು ಅದೇ ಹಾಳೆಯನ್ನು ಹಿಡಿದುಕೊಂಡು ಒಂದೊಂದೇ ವಾಲ್ವನ್ನು ಹುಡುಕಿದರು.

ಎರಡನೆಯದು ಸಿಂಪರಣೆಯ ಯಂತ್ರ. ಗಾಳಿಗೆ ತೂರಿ ಹೋಗುವುದು ಸಣ್ಣ ಹನಿ. ಗಾಳಿ ಬೆರೆಸಿ ದಪ್ಪ ಹನಿ ಮಾಡುವ ನಾಝಲ್ (ಔಷಧಿ ಚಿಮ್ಮುವ ಮೂತಿ) ಮತ್ತು ಹೊಲದಲ್ಲಿಯೇ ಟ್ಯಾಂಕು ತೊಳೆಯಲು ಪ್ರತ್ಯೇಕ ಶುದ್ಧನೀರಿನ ತೊಟ್ಟಿ, ಇವೆರಡನ್ನೂ ದರಪಟ್ಟಿಯಲ್ಲಿ ಬೇರೆಯಾಗಿ ನಮೂದಿಸಲು ಮಾರಾಟಗಾರರನ್ನು ಕೇಳಿಕೊಂಡೆ. ಬರೀ "ಸ್ಪ್ರೇಯರ್ ಒಂದು" ಎಂದಿದ್ದರೆ ನೀರಿಗೂ ಅದಕ್ಕೂ ಇರುವ ಸಂಬಂಧವನ್ನು ಯಾರೂ ಊಹಿಸಿಕೊಳ್ಳುವುದಿಲ್ಲ. ನಾಝಲ್ ಸವೆಯುತ್ತದೆ: ಪ್ರತಿ ನಾಝಲಿನ ಒಂದು ನಿಮಿಷದ ನೀರನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಹೊಸದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಸುರಿಯುತ್ತಿದ್ದರೆ ಬದಲಿಸುತ್ತೇನೆ.

ಹಣದ ವಿಷಯ ಚುಟುಕಾಗಿ ಹೇಳಬಹುದು. ಇಂಥ ಬಹುಪಾಲು ಯೋಜನೆಗಳಲ್ಲಿ ಮಂಜೂರಾತಿ ಆದೇಶ ಕೈಸೇರುವ ಮುನ್ನ ಕೊಂಡ ಸಾಮಾನಿಗೆ ಸಹಾಯಧನ ಸಿಗುವುದಿಲ್ಲ; ಮುಂಗಡ ಕೊಟ್ಟ ರಸೀದಿಯ ದಿನಾಂಕವೂ ತೊಡಕಾಗಬಹುದು. ಪೂರ್ತಿ ಬೆಲೆಯನ್ನು ನಾವೇ ಮೊದಲು ಕಟ್ಟಿ, ಪರಿಶೀಲನೆ ಮುಗಿದ ಮೇಲೆ ಪಾಲು ಹಿಂದಕ್ಕೆ ಪಡೆಯುವ ಪದ್ಧತಿಯೇ ಹೆಚ್ಚು. ಆದ್ದರಿಂದ ಸಹಾಯಧನ ತಡವಾದರೂ ಬಿತ್ತನೆಯ ಖರ್ಚಿಗೆ ಕೊರತೆಯಾಗದಷ್ಟರ ಮಟ್ಟಿಗೆ ಮಾತ್ರ ಕೇಳಿದೆ. ಸಾಗಣೆ, ಜೋಡಣೆ, ಬಿಡಿಭಾಗಗಳು ಸಹಾಯಧನದಲ್ಲಿ ಸೇರಿವೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಂಡೆ. ದೊಡ್ಡ ಯಂತ್ರಕ್ಕೆ ಶೇಕಡಾವಾರು ಹೆಚ್ಚಿದೆ ಎಂದು ಬೇಡದ್ದನ್ನು ಕೊಳ್ಳುವವರಿದ್ದಾರೆ. ಉಳಿದ ಪಾಲು ನಮ್ಮ ಜೇಬಿನಿಂದಲೇ ಹೋಗುತ್ತದೆ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಫಲಿತಾಂಶದ ವರದಿಯಲ್ಲಿ ಏನು ಬರೆಯಬೇಕೆಂಬುದನ್ನು ಅರ್ಜಿಯ ಹಂತದಲ್ಲಿಯೇ ಯೋಚಿಸಿದ್ದೆ. ಅಂತರ್ಜಲ ನಿಧಾನವಾಗಿ ಚಲಿಸುತ್ತದೆ. ಹಿಂದಿನ ವರ್ಷಗಳಲ್ಲಿ ಇಳಿದ ನೈಟ್ರೇಟ್ ಮಣ್ಣಿನ ಕೆಳಪದರಗಳಿಂದ ಇನ್ನೂ ಬರುತ್ತಲೇ ಇರುವುದರಿಂದ, ವಾಲ್ವ್ ಹಾಕಿದ ಮರುವರ್ಷವೇ ಬಾವಿಯ ಅಂಕಿ ಇಳಿಯುತ್ತದೆ ಎಂದು ಮಾತು ಕೊಡಲಾಗುವುದಿಲ್ಲ. ಅದಕ್ಕಾಗಿ ನಾನು ಅಳೆಯಲು ಒಪ್ಪಿಕೊಂಡದ್ದು ನನ್ನ ಕೈಯಲ್ಲಿರುವುದನ್ನು: ಎಕರೆಗೆ ಕೊಟ್ಟ ಸಾರಜನಕ, ಕೊಟ್ಟ ದಿನಾಂಕ, ಆಗಿನ ಮಳೆ, ವಾಲ್ವ್ ಬಿಚ್ಚಿ ನೋಡಿದ ದಿನ, ನಾಝಲಿನ ಅಳತೆ. ನೀರಿನ ಮಾದರಿಯನ್ನು ಪ್ರತಿ ವರ್ಷ ಅದೇ ಹಂಗಾಮಿನಲ್ಲಿ, ಅದೇ ಬಾವಿಯಿಂದ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದೇನೆ. ಆ ವರದಿಗಳನ್ನು ಕಚೇರಿಗೂ ಒಂದು ಪ್ರತಿ ಕೊಟ್ಟು, ಮೂಲವನ್ನು ಮಂಜೂರಾತಿ ಆದೇಶದ ಕಡತದಲ್ಲಿಯೇ ಇಡುತ್ತಿದ್ದೇನೆ.