ಕಂಡರೂ ಬರೆಯದೆ ಬಿಟ್ಟ ಬಿಳಿ ಚುಕ್ಕೆಗಳು

ರೇಡಿಯಾಲಜಿಸ್ಟ್ ಆದ ಮೊದಲ ಕೆಲವು ವರ್ಷ ನಾನು ಒಂದು ತಪ್ಪನ್ನು ಬಹಳ ಶ್ರದ್ಧೆಯಿಂದ ಮಾಡಿದೆ. ಕೆಮ್ಮಿಗೆಂದು ಎದೆಯ ಸಿ.ಟಿ. ಮಾಡಿಸಿಕೊಂಡವರ ಶ್ವಾಸಕೋಶವನ್ನು ಇಂಚಿಂಚಾಗಿ ಜಾಲಾಡುತ್ತಿದ್ದೆ. ಅದೇ ಚಿತ್ರದಲ್ಲಿ ಹೃದಯದ ಮೇಲೆ ಸುಣ್ಣ ಚಿಮುಕಿಸಿದಂತೆ ಕಾಣುವ ಬಿಳಿ ಚುಕ್ಕೆಗಳನ್ನು ಮಾತ್ರ ವರದಿಯಲ್ಲಿ ಬರೆಯುತ್ತಿರಲಿಲ್ಲ. ಕೇಳಿದ್ದು ಶ್ವಾಸಕೋಶದ ಬಗ್ಗೆ ತಾನೇ?

ಒಮ್ಮೆ ಹೃದಯಾಘಾತವಾಗಿ ಬಂದವರೊಬ್ಬರ ಹಳೆಯ ಸ್ಕ್ಯಾನ್ ತೆಗೆದು ನೋಡಿದೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ರಕ್ತನಾಳಗಳಲ್ಲಿ ಎಡ ಮುಂಭಾಗದ್ದರ ಉದ್ದಕ್ಕೂ ಅದೇ ಬಿಳಿ ಚುಕ್ಕೆ, ಅಂದರೆ ಕ್ಯಾಲ್ಸಿಯಂ. ಕೆಳಗೆ ನನ್ನದೇ ಸಹಿ, 'ಬೇರೇನೂ ವಿಶೇಷವಿಲ್ಲ' ಎಂಬ ನನ್ನದೇ ವಾಕ್ಯ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತಿದೆ ಎನ್ನುವುದಕ್ಕೆ ಆ ಸುಣ್ಣವೇ ಸಾಕ್ಷಿ. ಹಾಗೆ ಕಂಡದ್ದನ್ನು ಬರೆಯಬೇಕೆಂದು ಹೃದಯದ ಸಿ.ಟಿ. ತಜ್ಞರ ಸಂಘದ 2016ರ ಮಾರ್ಗಸೂಚಿಯೂ ಹೇಳುತ್ತದೆ. ಈಗ ಪ್ರತಿ ವರದಿಯಲ್ಲೂ ಒಂದು ಸಾಲು ಇರುತ್ತದೆ: ಕ್ಯಾಲ್ಸಿಯಂ ಇಲ್ಲ, ಅಲ್ಪ, ಮಧ್ಯಮ ಅಥವಾ ತೀವ್ರ.

ಲೆಕ್ಕ ನಿಖರವಾಗಿ ಬೇಕೆಂದರೆ ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್ ಮಾಡುತ್ತೇವೆ. ಇಂಜೆಕ್ಷನ್ ಬೇಡ, ವಿಕಿರಣ ಸುಮಾರು 1 ಮಿಲಿಸೀವರ್ಟ್. ಇಸಿಜಿ ತಂತಿ ಜೋಡಿಸಿ, ಹೃದಯ ಎರಡು ಬಡಿತಗಳ ನಡುವೆ ತುಸು ನಿಶ್ಚಲವಾಗುವ ಕ್ಷಣದಲ್ಲಿ ಚಿತ್ರ ತೆಗೆಯುತ್ತೇವೆ. ಎಣಿಕೆಯ ವಿಧಾನ 1990ರಲ್ಲಿ ಅಗಾಟ್ಸ್‌ಟನ್ ಮತ್ತು ಸಂಗಡಿಗರು ಕೊಟ್ಟದ್ದು. ಸಾಂದ್ರತೆ 130 ಹೌನ್ಸ್‌ಫೀಲ್ಡ್ (ಸಿ.ಟಿ.ಯಲ್ಲಿ ಸಾಂದ್ರತೆ ಅಳೆಯುವ ಮಾನ) ದಾಟಿದ ಚುಕ್ಕೆಯ ವಿಸ್ತೀರ್ಣವನ್ನು 1ರಿಂದ 4ರವರೆಗಿನ ಅಂಕದಿಂದ ಗುಣಿಸುತ್ತಾರೆ. ಚುಕ್ಕೆ ಎಷ್ಟು ದಟ್ಟವೋ ಅಂಕ ಅಷ್ಟು ಹೆಚ್ಚು.

ಗುಣಾಕಾರವನ್ನು ಕಂಪ್ಯೂಟರ್ ಮಾಡುತ್ತದೆ, ಆದರೆ ಅದಕ್ಕೆ ವಿವೇಚನೆ ಇಲ್ಲ. 130 ದಾಟಿತೆಂದರೆ ಪಕ್ಕೆಲುಬಿಗೂ ಬಣ್ಣ ಬಳಿಯುತ್ತದೆ. ಯಾವ ಚುಕ್ಕೆ ಯಾವ ರಕ್ತನಾಳದ್ದು ಎಂದು ಮೌಸ್ ಹಿಡಿದು ಹೇಳಬೇಕಾದವನು ನಾನು. ನಾನು ಮುಗ್ಗರಿಸಿದ್ದು ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಉಂಗುರದಲ್ಲಿ. ಅದರ ಪಕ್ಕದಲ್ಲೇ ಸರ್ಕಮ್‌ಫ್ಲೆಕ್ಸ್ ಎಂಬ ಕೊರೊನರಿ ರಕ್ತನಾಳ ಸಾಗುತ್ತದೆ. ಉಂಗುರದ ಸುಣ್ಣವನ್ನು ನಾಳದ ಖಾತೆಗೆ ಹಾಕಿಬಿಟ್ಟಿದ್ದೆ. ಹಿರಿಯ ಸಹೋದ್ಯೋಗಿ ತಿದ್ದಿದಾಗ ಸ್ಕೋರ್ ನೂರರ ಕೆಳಗಿಳಿಯಿತು. ಅಂದಿನಿಂದ ಆ ಜಾಗದ ಪ್ರತಿ ಚುಕ್ಕೆಯನ್ನೂ ಹಿಂದಿನ, ಮುಂದಿನ ಪದರಗಳಲ್ಲಿ ಹಿಂಬಾಲಿಸಿಯೇ ಗುರುತು ಹಾಕುತ್ತೇನೆ. ಬಲ ಕೊರೊನರಿಯದು ಬೇರೆ ತಕರಾರು. ಬಡಿತ ವೇಗವಾಗಿದ್ದರೆ ಅದು ಮಸುಕಾಗಿ ಬಾಲ ಬಿಡುತ್ತದೆ.

ಸಂಖ್ಯೆಯನ್ನು ಒಂಟಿಯಾಗಿ ಕಳುಹಿಸುವುದು ನನಗೆ ಇಷ್ಟವಿಲ್ಲ. 80 ಎಂಬ ಸ್ಕೋರ್ ಎಪ್ಪತ್ತೈದರ ಗಂಡಸಿಗೆ ಒಂದು ಸುದ್ದಿ, ನಲವತ್ತೈದರ ಹೆಂಗಸಿಗೆ ಬೇರೆಯೇ ಸುದ್ದಿ. ಅದೇ ವಯಸ್ಸಿನ, ಅದೇ ಲಿಂಗದ ಇತರರ ಸಾಲಿನಲ್ಲಿ ಆ ಸ್ಕೋರ್ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆಯುತ್ತೇನೆ. ಹೃದ್ರೋಗದ ಅಪಾಯ ಮಧ್ಯಮ ಮಟ್ಟದಲ್ಲಿದ್ದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂಬ ಗೊಂದಲ ಇರುವವರಿಗೇ ಈ ಪರೀಕ್ಷೆ ಹೆಚ್ಚು ಉಪಯುಕ್ತ. 2018ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಅಂಥವರಲ್ಲಿ 100 ದಾಟಿದರೆ ಮಾತ್ರೆಯತ್ತ ಒಲವು, ಸೊನ್ನೆಯಾದರೆ ಮುಂದೂಡಬಹುದು. ಆದರೆ ಧೂಮಪಾನಿಗಳಿಗೆ, ಮಧುಮೇಹಿಗಳಿಗೆ ಈ ರಿಯಾಯಿತಿ ಇಲ್ಲ. ಎದೆನೋವಿನಿಂದ ಬಂದವರಿಗಂತೂ ಸೊನ್ನೆ ತೋರಿಸಿ ಧೈರ್ಯ ಹೇಳುವುದಿಲ್ಲ. ಸುಣ್ಣಗಟ್ಟದ ಮೃದು ಕೊಬ್ಬು ಈ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ.

ಮಾತ್ರೆ ಶುರುಮಾಡಿದ ಕೆಲವರು ವರ್ಷ ಕಳೆದ ಮೇಲೆ 'ಎಷ್ಟು ಇಳಿದಿದೆ ನೋಡಿ ಡಾಕ್ಟ್ರೇ' ಎಂದು ಬರುತ್ತಾರೆ. ಅದು ಇಳಿಯುವುದಿಲ್ಲ. ಸ್ಟ್ಯಾಟಿನ್ ಕೊಬ್ಬನ್ನು ಗಟ್ಟಿಗೊಳಿಸುವುದರಿಂದ ಸ್ಕೋರ್ ಏರಲೂಬಹುದು. ಇದನ್ನು ವಿವರಿಸಿ, ಸ್ಕ್ಯಾನ್ ಮಾಡದೆಯೇ ಅವರನ್ನು ಹೃದ್ರೋಗ ತಜ್ಞರ ಬಳಿಗೆ ವಾಪಸ್ ಕಳುಹಿಸುತ್ತೇನೆ.